ತೊಂಬತ್ತಾರು ಬಿದ್ದ ಭಾನುವಾರ

"ಉರುಳ್ಸು," ಅಂದಳು ಅನ್ನಪೂರ್ಣಾ.

ಬಸ್ ಕಂಡಕ್ಟರ್ ಮಾಂತೇಶ ತನ್ನ ಅಂಗೈಯಲ್ಲಿದ್ದ ಎರಡು ದಾಳಗಳನ್ನು ನೋಡಿದ. ಹತ್ತು ಹತ್ತು ಮುಖದ ದಾಳಗಳು, ಹತ್ತರ ಅಂಕಿಗೆ ಒಂದು ಕೆಂಪು, ಬಿಡಿ ಅಂಕಿಗೆ ಒಂದು ಬಿಳಿ. ಅವನ ಖಾಕಿ ಅಂಗಿಯ ಕಂಕುಳು ಒದ್ದೆಯಾಗಿತ್ತು. ಜನವರಿಯ ನವಲಗುಂದದಲ್ಲಿ, ಫ್ಯಾನು ಬೇಕೆನಿಸದ ತಣ್ಣನೆಯ ಕೋಣೆಯಲ್ಲಿ ಕೂತವರು ಬೆವರುವುದಕ್ಕೆ ಬೇರೆ ಕಾರಣ ಇರಬೇಕು.

"ಇದು ಆಟದ ಸಾಮಾನ್ರಿ ಮೇಡಂ. ಇದರಾಗ ಏನ್ ಸಿಗತೈತಿ ನಿಮಗ?"

"ನನಗೂ ಆಡಬೇಕನಿಸೈತಿ ತಮ್ಮಾ. ಅವತ್ತ ಎಲ್ಲಿ ಕುಂತಿದ್ದಿ, ಅಲ್ಲೇ ಕುಂತೀಯಲ್ಲ?"

"ಹೌದ್ರಿ. ಇಲ್ಲೇ."

"ಹಂಗಾರ ಉರುಳ್ಸು."

ಅದು ಹಲೀಮಾಬಿಯ ನೇಯ್ಗೆ ಕೋಣೆ. ಗೋಡೆಗೆ ಒರಗಿದಂತೆ ನೆಟ್ಟಗೆ ನಿಂತ ಮಗ್ಗ, ಅದರಲ್ಲಿ ಅರ್ಧಕ್ಕೆ ನಿಂತ ಜಮಖಾನ, ಪಕ್ಕದಲ್ಲಿ ನೂಲು ಬಡಿಯುವ ಕಬ್ಬಿಣದ ಪಂಜಾ. ಈ ಮನೆಯಲ್ಲಿ ಈ ಕೆಲಸವನ್ನು ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲ, ಸೊಸೆಗೆ ಮಾತ್ರ ಕಲಿಸುತ್ತಾರೆ. ಸೊಸೆ ಇನ್ನೂ ಬಂದಿಲ್ಲವಾದ್ದರಿಂದ ಹಲೀಮಾಬಿ ಅರವತ್ತರ ಮೇಲೂ ಒಬ್ಬಳೇ ಕೂತು ಬಡಿಯುತ್ತಿದ್ದಳು.

ನೆಲದ ಮೇಲೆ ಹಾಸಿದ್ದು ಹಳೆಯ ಜಮಖಾನ, ನಡುವೆ ಪಗಡೆಯ ಮನೆಗಳನ್ನು ನೇಯ್ದದ್ದು. ಅವಳ ಮಗ ಸಾಧಿಕ್ ಪ್ರತಿ ಭಾನುವಾರ ಮಧ್ಯಾಹ್ನ ಗೆಳೆಯರನ್ನು ಕೂಡಿಸಿಕೊಂಡು ತನ್ನ ಪಾತ್ರದಾಟ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಬಿದ್ದಂತೆ ಕತೆ ನಡೆಸುವ ಆಟ, ಹೂಡುತ್ತಿದ್ದದ್ದು ಈ ಪಗಡೆ ಮನೆಗಳ ಮೇಲೆಯೇ. ಒಂಬತ್ತು ದಿನದ ಹಿಂದಿನ ಭಾನುವಾರ ಇಲ್ಲಿಂದ ಎದ್ದು ಹೋದವನು ತಿರುಗಿ ಬಂದಿರಲಿಲ್ಲ.

ಅವನು ಗೋವಾಕ್ಕೆ ಕೆಲಸ ಹುಡುಕಿಕೊಂಡು ಹೋದ ಎನ್ನುವುದಕ್ಕೆ ಠಾಣೆಯ ಕೈಯಲ್ಲಿ ಎರಡೇ ಆಧಾರ. ಒಂದು, ಅಳ್ನಾವರದ ಹತ್ತಿರದಿಂದ ಅವನ ಫೋನು ಕಳಿಸಿದ ಸಂದೇಶ: ಗೋವಾದಲ್ಲಿ ಕೆಲಸ ಸಿಕ್ಕಿದೆ, ಹುಡುಕಬೇಡ. ಇನ್ನೊಂದು, ಅವತ್ತು ಅವನ ಜೊತೆ ಆರು ಗಂಟೆಯವರೆಗೆ ಆಡಿದೆ, ಹೋಗುತ್ತೇನೆಂದು ತನಗೂ ಹೇಳಿದ ಎಂಬ ಮಾಂತೇಶನ ಹೇಳಿಕೆ.

ಸಂದೇಶವನ್ನು ಹಲೀಮಾಬಿ ಮೊದಲ ದಿನವೇ ತಳ್ಳಿಹಾಕಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಮಗ ಯಾವತ್ತೂ ಧ್ವನಿಯಲ್ಲೇ ಕಳಿಸುತ್ತಿದ್ದ. ಇನ್‌ಸ್ಪೆಕ್ಟರ್ ಸಾಹೇಬರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಸಂಜೆ ಐದರೊಳಗೆ ಫೈಲು ಮುಚ್ಚಿ ತರಬೇಕು ಎಂದಿದ್ದರು. ಮುಚ್ಚಿದರೆ ಮುಗಿಯಿತು, ಆಮೇಲೆ ಸಾಧಿಕ್‌ನನ್ನು ಹುಡುಕುವವರು ಈ ಲೋಕದಲ್ಲಿ ಓದು ಬಾರದ ಒಬ್ಬ ಮುದುಕಿ ಮಾತ್ರ.

ಗೋಡೆಯ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು.

ಮಾಂತೇಶ ದಾಳ ಉರುಳಿಸಿದ. ಕೆಂಪು ಸೊನ್ನೆ, ಬಿಳಿ ಏಳು.

"ಥೂ," ಅಂದ ಅವನು. "ಬರೇ ಏಳ."

"ಮತ್ತೊಮ್ಮೆ."

ಕೆಂಪು ಒಂಬತ್ತು, ಬಿಳಿ ಒಂದು. ಮಾಂತೇಶನ ಮುಖ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸಡಿಲವಾಯಿತು.

"ಇದು ನೋಡ್ರಿ ಬಿದ್ದದ್ದು. ತೊಂಬತ್ತೊಂದು."

"ಚಲೋ ಬಿತ್ತೇನು?"

"ಚಲೋನ ಮತ್ತ. ಅವತ್ತ ಇದಕ್ಕಿಂತ ದೊಡ್ಡದು ಬಿದ್ದಿತ್ರಿ. ಸಾಹೇಬ್ರ ಮುಂದ ಹೇಳೀನಲ್ರಿ, ತೊಂಬತ್ತಾರು. ಸಾಧಿಕ್ ಚಪ್ಪಾಳಿ ಹೊಡದ."

ಮೂವತ್ತು ವರ್ಷದ ನೌಕರಿಯಲ್ಲಿ ಎ.ಎಸ್.ಐ. ಅನ್ನಪೂರ್ಣಾ ಕಲಿತ ಒಂದು ವಿದ್ಯೆ ಎಂದರೆ ಸುಮ್ಮನಿರುವುದು. ಅದನ್ನು ಕಲಿಯಲು ಅವಳಿಗೆ ಕಷ್ಟವಾಗಿರಲಿಲ್ಲ. ಕಲಘಟಗಿಯಿಂದ ಇಲ್ಲಿಗೆ ವರ್ಗವಾಗಿ ಬಂದು ಒಂದೂವರೆ ವರ್ಷ, ಬಾಡಿಗೆಯ ಕೋಣೆಯಲ್ಲಿ ಮಾತಾಡಿಸುವುದಕ್ಕೆ ಯಾರೂ ಇಲ್ಲ. ಕುಕ್ಕರಿಗೆ ಒಂದೇ ಹಿಡಿ ಅಕ್ಕಿ ಹಾಕುವುದು ರೂಢಿಯಾಗಿಬಿಟ್ಟಿತ್ತು.

ಈ ದಾಳಗಳ ವಿಷಯ ಅವಳಿಗೆ ನಿನ್ನೆಯವರೆಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಆಟ ಚೌಕಾಬಾರ ಒಂದೇ, ಅದರಲ್ಲೂ ತಂಗಿ ಯಾವಾಗಲೂ ಮೋಸ ಮಾಡುತ್ತಿದ್ದಳು. ಈ ಆಟದ ಪಾಠ ಆದದ್ದು ಇವತ್ತು ಮುಂಜಾನೆ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ.

ಪಾಠ ಹೇಳಿದವಳು ತಹಸೀನ್. ಇಪ್ಪತ್ತಾರು ವರ್ಷ, ಲ್ಯಾಬಿನಲ್ಲಿ ಸೂಜಿ ಚುಚ್ಚುವ ಕೆಲಸ. ಭಾನುವಾರದ ಗುಂಪಿನಲ್ಲಿ ಅವಳೂ ಇದ್ದಳು. ಮೊದಲು ನಾಲ್ಕು ಜನ ಇದ್ದರಂತೆ. ತಿರಕಪ್ಪ ಮಾಸ್ತರರಿಗೆ ಸಂಶಿಗೆ ವರ್ಗವಾಯಿತು, ಮೂರು ಜನ ಉಳಿದರು. ಮದುವೆಯ ಮಾತು ನಡೆದಿದೆ, ಇನ್ನು ಬೇಡವೆಂದು ಮನೆಯಲ್ಲಿ ಅಂದದ್ದಕ್ಕೆ ತಹಸೀನ್ ದೀಪಾವಳಿಗೆ ಬಿಟ್ಟಳು, ಇಬ್ಬರು ಉಳಿದರು.

"ಇಬ್ಬರಾಗೂ ಆಡಾಕ ಬರತೈತೇನವ್ವ?" ಎಂದು ಅನ್ನಪೂರ್ಣಾ ಕೇಳಿದ್ದಳು.

"ಒಬ್ಬರಾಗೂ ಬರತೈತ್ರಿ. ದಾಳಕ್ಕ ಪ್ರಶ್ನಿ ಕೇಳೂದು, ಅದು ಹೇಳಿದ್ದಕ್ಕ ತಾನ ಕತಿ ಕಟ್ಟೂದು. ಆದ್ರ ಅದು..." ತಹಸೀನ್ ಮಾತು ಮುಗಿಸದೆ ರಿಪೋರ್ಟುಗಳನ್ನು ಜೋಡಿಸತೊಡಗಿದ್ದಳು.

ಅನ್ನಪೂರ್ಣಾ ಮೂರು ನೋಟ್‌ಬುಕ್ಕುಗಳನ್ನು ಮೇಜಿನ ಮೇಲಿಟ್ಟಳು. ಮೂರೂ ಸಾಧಿಕ್‌ನ ಕೋಣೆಯಲ್ಲಿ ಸಿಕ್ಕವು. ಝೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ಮಂದಿಯ ಆಧಾರ್ ಕಾರ್ಡು ತೆಗೆದುಕೊಡುತ್ತಿದ್ದವನು ಇಂಗ್ಲಿಷಿನ ಆಟದ ನಿಯಮಗಳನ್ನೆಲ್ಲ ಕೂತು ಕನ್ನಡಕ್ಕೆ ಇಳಿಸಿಕೊಂಡಿದ್ದ. ದುಂಡನೆಯ ಅಕ್ಷರ, ಎಲ್ಲಿಯೂ ಹೊಡೆದು ಹಾಕಿಲ್ಲ. ಯಾರೂ ಕೇಳದ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವವನು ಎಂಥ ಒಂಟಿ ಮನುಷ್ಯ ಇರಬಹುದೆಂದು ಅನ್ನಪೂರ್ಣಾಗೆ ನೋಡಿದೊಡನೆ ಸಂಕಟವಾಗಿತ್ತು.

"ಕೆಂಪು ಪುಸ್ತಕ ಮಾಂತೇಶಣ್ಣಂದು," ಎಂದು ತಹಸೀನ್ ಶುರು ಮಾಡಿದಳು. "ಇದರಾಗ ಇಪ್ಪತ್ತು ಮುಖದ ದಾಳ ಒಂದ. ಬಿದ್ದಿದ್ದಕ್ಕ ನಿಮ್ಮ ಶಕ್ತಿ ಕೂಡಸೂದು. ಬಾಗಲಾ ಮುರಿಯಾಕ ಹದಿನೈದು ಬೇಕಂದ್ರ ಹದಿನೈದು ದಾಟಬೇಕ್ರಿ. ದೊಡ್ಡದು ಬಿದ್ದಷ್ಟೂ ಚಲೋ. ಆಡಿದಷ್ಟೂ ಶಕ್ತಿ ಏರತೈತಿ. ಇವತ್ತ ಇಲಿ ಹೊಡದಾಂವ ಮುಂದಿನ ವರ್ಷ ರಾಕ್ಷಸನ್ನ ಹೊಡೀತಾನ."

"ನಮ್ಮ ಇಲಾಖಿಯೊಳಗ ಹಂಗ ಏರಂಗಿಲ್ಲ ನೋಡು. ನಿನಗ ಯಾವುದು ಸೇರತಿತ್ತು?"

"ನೀಲಿದು. ಮನ್ಯಾಗಿನ ದಾಳ ಎರಡು ಸಾಕು. ಹತ್ತು ಮುಟ್ಟಿದ್ರ ಅಂದುಕೊಂಡಿದ್ದು ಪೂರಾ ಆಗತೈತಿ. ಆರರ ಒಳಗ ಬಿದ್ರ ಕೆಡತೈತಿ. ಏಳರಿಂದ ಒಂಬತ್ತು ಬಿದ್ರ ಬೇಕಾದ್ದು ಸಿಗತೈತ್ರಿ, ಆದ್ರ ಏನರ ಒಂದು ಬಿಟ್ಟುಕೊಡಬೇಕು. ಎರಡು ದಾಳ ಕೂಡಿಸಿದ್ರ ಬಾಳ ಸಲ ನಡಬರಕಿಂದೇ ಬೀಳೂದು. ಗೆದ್ದೆ ಅನ್ನಂಗೂ ಇಲ್ಲ, ಸೋತೆ ಅನ್ನಂಗೂ ಇಲ್ಲ."

ಅವಳು ಅದನ್ನು ಆಟದ ಮಾತಿನಂತೆ ಹೇಳಲಿಲ್ಲ. ಅನ್ನಪೂರ್ಣಾ ಅದನ್ನು ಗಮನಿಸಿದಳು, ಆದರೆ ಆಗ ಅದಕ್ಕೆ ಬೆಲೆ ಕೊಡಲಿಲ್ಲ. ಮದುವೆ ನಿಶ್ಚಯವಾಗುತ್ತಿರುವ ಹುಡುಗಿಯರೆಲ್ಲ ಹೀಗೇ ಮಾತಾಡುತ್ತಾರೆಂದು ಬಿಟ್ಟುಬಿಟ್ಟಳು.

"ಮತ್ತ ಈ ಹಸಿರು?"

"ಇದು ಹೊಸಾದು. ಇಂಗ್ಲಿಷ್ ಪ್ರತಿ ನನ್ನ ಫೋನಿಗೆ ಮೊದಲ ಕಳಿಸಿದ್ದ, ಓದಿದ್ದೆ. ಇದರಾಗ ರಾಕ್ಷಸರನ್ನ ಹೊಡಿಯೂ ಮಂದಿ ಇಲ್ಲ, ನಮ್ಮಂಥಾ ಮಂದಿ. ಒಂದೊಂದು ಕೆಲಸಕ್ಕ ನಿಮ್ಮ ಕೈಲೆ ಎಷ್ಟು ಆಗತೈತಿ ಅಂತ ನೂರಕ್ಕ ಒಂದು ಅಂಕಿ. ಗ್ವಾಡಿ ಹತ್ತೂದು ನಲವತ್ತು ಅಂತಿದ್ರ, ದಾಳ ನಲವತ್ತರ ಒಳಗ ಬೀಳಬೇಕು. ಇಲ್ಲಿ ಸಣ್ಣದು ಬಿದ್ದಷ್ಟೂ ಚಲೋ. ತೊಂಬತ್ತಾರು, ಅದರ ಮ್ಯಾಲೆ ಬಿದ್ರಂತೂ ಕೈಕಾಲು ಮುರಕೊಂಡಂಗ. ದಿನಾ ಹೋದಂಗ ಧೈರ್ಯದ ಅಂಕಿ ಇಳಕೋತ ಹೋಗತೈತಿ, ಏರೂದಿಲ್ಲ."

ಅನ್ನಪೂರ್ಣಾಗೆ ಮೂರರಲ್ಲಿ ಇದೇ ನಿಜವೆನಿಸಿತು. ಐವತ್ತೊಂದು ವರ್ಷಕ್ಕೆ ತನ್ನ ಕೈಲಾಗುವುದು ಎಷ್ಟು ಎಂಬ ಅಂಕಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಒಂದೇ ನಮೂನಿ ಎರಡು ಅಂಕಿ ಬಿದ್ರ?" ಎಂದು ಅವಳು ಸುಮ್ಮನೆ ಕೇಳಿದ್ದಳು. "ಮೂವತ್ಮೂರು, ಅರವತ್ತಾರು?"

"ಅದು ಗಂಟು. ಯಾವ ಇಬ್ಬರ ನಡುವ ಬಿತ್ತೋ ಅವರು ಅಲ್ಲಿಂದ ಮುಂದ ಕೂಡೇ ಇರಬೇಕು. ಒಬ್ಬರಿಗೆ ಪೆಟ್ಟಾದ್ರ ಇನ್ನೊಬ್ಬರಿಗೂ ಆಗತೈತಿ. ಬಿಚ್ಚಾಕ ಬರಂಗಿಲ್ಲ." ಹಾಗೆನ್ನುತ್ತ ತಹಸೀನ್ ರಿಪೋರ್ಟು ಕಟ್ಟುವ ಬಿಳಿ ದಾರದ ತುಂಡನ್ನು ಅನ್ನಪೂರ್ಣಾಳ ಪೆನ್ನಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ತೂರಿಸಿ, ಹಲ್ಲಲ್ಲಿ ಕಚ್ಚಿ ಎಳೆದಳು. "ಹಿಂಗ."

ಆ ಗಂಟು ಈಗಲೂ ಪೆನ್ನಿನ ಮೇಲೆ, ಅನ್ನಪೂರ್ಣಾಳ ಅಂಗಿಯ ಜೇಬಿನಲ್ಲಿ ಇತ್ತು.

ಅವಳು ಮಡಿಸಿದ ಹಾಳೆಯೊಂದನ್ನು ತೆಗೆದು ಪಗಡೆ ಮನೆಗಳ ಮೇಲೆ ಹರವಿದಳು. ಅವತ್ತಿನ ಆಟದ ಹಾಳೆ. ಹಲೀಮಾಬಿ ಆ ಭಾನುವಾರ ಅಣ್ಣಿಗೇರಿಯ ಮಗಳ ಮನೆಗೆ ಹೋಗಿದ್ದಳು. ಸೋಮವಾರ ಬಂದು ನೋಡಿದಾಗ ಕೋಣೆಯಲ್ಲಿ ಎರಡು ಚಹಾದ ಕಪ್ಪು, ದಾಳ, ಮತ್ತು ಪೆನ್ಸಿಲಿನಲ್ಲಿ ಅಂಕಿ ತುಂಬಿದ ಈ ಹಾಳೆ ಇದ್ದವು. ಆಟಗಾರನ ಹೆಸರು ಬರೆಯುವ ಜಾಗ ಖಾಲಿಯಿತ್ತು. ಅದು ತನ್ನದೇ ಹಾಳೆ ಎಂದು ಮಾಂತೇಶ ಹೇಳಿದ್ದ.

"ಇದು ನಿಂದು."

"ನಂದ್ರಿ."

"ಇಲ್ಲಿ ತೊಂಬತ್ತಾರು ಐತಿ. ಚಪ್ಪಾಳಿ ಹೊಡದದ್ದು ಇದಕ್ಕ?"

"ಹೌದ್ರಿ."

"ಬಾಜು ಒಂದು ಸಣ್ಣ ಅಡ್ಡಗೆರಿ ಯಾಕೈತಿ?"

ಮಾಂತೇಶ ಬಗ್ಗಿ ನೋಡಿದ. ಅವನು ಆ ಗೆರೆಯನ್ನು ಈಗಷ್ಟೇ ನೋಡುತ್ತಿದ್ದಾನೆ ಎಂಬುದನ್ನು ತಿಳಿಯಲು ಪೊಲೀಸರೇ ಆಗಿರಬೇಕಿಲ್ಲ.

"ಈ ಆಟದಾಗ ಸಣ್ಣದು ಬಿದ್ರ ಗೆದ್ದಂಗ, ಮಾಂತೇಶಾ," ಎಂದಳು ಅನ್ನಪೂರ್ಣಾ ಮೆತ್ತಗೆ. "ಈಗ ಏಳು ಬಿತ್ತಲ್ಲ, ಅದು ಕುಣಿಯೂವಂಥಾದ್ದು. ತೊಂಬತ್ತಾರು ಬಿದ್ದಾಂವ ಚಪ್ಪಾಳಿ ಕೇಳೂದಿಲ್ಲ, ಗ್ವಾಡಿ ಮ್ಯಾಲಿಂದ ಬೀಳತಾನ, ಆ ಅಡ್ಡಗೆರಿ ಅದರ ಗುರ್ತು. ಇದು ನಿನ್ನ ಕೆಂಪು ಪುಸ್ತಕ ಅಲ್ಲ. ಸೋಮವಾರ ಸಾಹೇಬ್ರು ಈ ಹಾಳಿ ನಿನ್ನ ಮುಂದ ಇಟ್ಟಾಗ ನೀ ಅದರಾಗ ಎಲ್ಲಾಕ್ಕಿಂತ ದೊಡ್ಡ ಅಂಕಿ ಹುಡುಕಿ ಹೇಳಿದಿ. ಅವತ್ತ ನೀ ಇಲ್ಲಿ ಬಂದಿಲ್ಲ."

ಮಾಂತೇಶ ದಾಳಗಳನ್ನು ಕೆಳಗಿಟ್ಟ. ಹಿತ್ತಲಲ್ಲಿ ಹಲೀಮಾಬಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಅಂವನ್ನ ಏನ್ ಮಾಡಿದಿ?"

"ಏನೂ ಮಾಡಿಲ್ರಿ," ಅಂದ ಅವನು. ಮಗ್ಗದ ಕಡೆ ನೋಡುತ್ತ ಹೇಳಿದ. "ಬರ್ತೀನಿ ಅಂತ ಹೇಳಿದ್ನಿ. ಮೂರಕ್ಕ ಡ್ಯೂಟಿ ಮುಗೀತು. ಬಸ್‌ಸ್ಟ್ಯಾಂಡ್ ಕ್ಯಾಂಟೀನಿನ್ಯಾಗ ಕುಂತ್ನಿ. ಇಲ್ಲಿಗೆ ಹತ್ತು ಮಿನಿಟಿನ ದಾರಿ. ಸಾಧಿಕ್ ನಾಕು ಸಲ ಫೋನ್ ಮಾಡಿದ. ಫೋನ್ ಬೋರಲ ಹಾಕಿ ಎರಡು ಚಾ ಕುಡದ್ನಿ."

"ಯಾಕ?"

"ಬ್ಯಾಸರಾಗಿತ್ರಿ. ಮೊದಲ ನಾಕು ಮಂದಿ ಇದ್ದಾಗ ನಗತಿದ್ವಿ, ಜಗಳಾಡತಿದ್ವಿ. ಆಮ್ಯಾಲೆ ಇಬ್ಬರ ಕುಂತು, ಅಂವಾ ನನ್ನ ಮಾರಿ ನೋಡೂದು, ನಾ ಅಂವನ ಮಾರಿ ನೋಡೂದು. ಅಂವಾ ಹೊಸಾ ಆಟ ಕಲಸ್ತೀನಿ ಅಂತಿದ್ದ. ಮನ್ಯಾಗ ಹೇಣ್ತಿ ನಗತಾಳ, ಗೊಂಬಿ ಆಟ ಆಡಾಕ ಹೊಂಟ್ರೇನು ಅಂತ. ಒಂದ ವಾರ ಬಿಟ್ರ ಏನಾಗತೈತಿ ಅಂದ್ಕೊಂಡ್ನಿ."

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಮರುದಿನ ಅಂವಾ ಇಲ್ಲ ಅಂತ ಗೊತ್ತಾತು. ಎರಡು ಕಪ್ಪು ಅದಾವು ಅಂದ್ರು. ಅಂವಾ ನನಗಂತ ಒಂದು ಚಾ ಹಾಕಿಟ್ಟು ಒಬ್ಬನ ಕುಂತಿದ್ದ ಅಂತ ತಿಳ್ಕೊಂಡ್ನಿ. ಅದನ್ನ ಅಂವನ ಅವ್ವನ ಮುಂದ ಹೆಂಗ ಹೇಳಲ್ರಿ? ನಾ ಹೋಗಿದ್ದೆ ಅಂದ್ರ, ಅಂವಾ ಒಬ್ಬನ ಕುಂತಿದ್ದಿಲ್ಲ ಅಂತಾಗತೈತಿ. ಅಷ್ಟಕ್ಕ ಹೇಳಿದ್ನಿ. ಮೆಸೇಜಿನ್ಯಾಗ ಗೋವಾ ಅಂತಿತ್ತು, ಅದನ್ನೂ ನನ್ನ ಮುಂದ ಹೇಳಿದ್ದ ಅಂದ್ನಿ. ಖರೇನ ಹೋಗ್ಯಾನ ಅಂತ ತಿಳಿದಿದ್ನಿ."

ಅನ್ನಪೂರ್ಣಾಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಇವನ ಸುಳ್ಳಿನಿಂದ ಒಂಬತ್ತು ದಿನ ಹಾಳಾಗಿದ್ದವು. ಆದರೆ ಅವಳಿಗೆ ನೆನಪಾದದ್ದು ತನ್ನದೇ ಫೋನು. ಹೋದ ತಿಂಗಳು ತಂಗಿ ಮೂರು ಸಲ ಕರೆದಿದ್ದಳು. ಏನು ಮಾತಾಡುವುದು ಎಂದು ತಿಳಿಯದೆ ಅವಳೂ ಅದನ್ನು ಬೋರಲು ಹಾಕಿದ್ದಳು.

"ಹೊಸಾ ಹೇಳಿಕಿ ಬರಕೊಡು," ಎಂದು ಜೇಬಿನ ಪೆನ್ನು, ಖಾಲಿ ಹಾಳೆ ಅವನ ಮುಂದಿಟ್ಟಳು. "ಈಗ ಹೇಳಿದ್ದು ಪೂರಾ."

ಫೈಲಿನ ಒಂದು ಆಧಾರ ಕುಸಿದಿತ್ತು. ಐದು ಗಂಟೆಗೆ ಸಾಹೇಬರ ಮುಂದೆ ಇಡಲು ಅಷ್ಟು ಸಾಕು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಮಾಂತೇಶ ಬರಲಿಲ್ಲವೆಂದ ಮೇಲೆ ಈ ಹಾಳೆ ಯಾರದು? ಸಾಧಿಕ್ ಒಬ್ಬನೇ ಆಡಿದ್ದಾದರೆ ಎರಡೂ ಕಪ್ಪುಗಳ ತಳದಲ್ಲಿ ಚಹಾದ ಚರಟ ಯಾಕೆ ಉಳಿದಿತ್ತು? ಮಾಂತೇಶನಿಗೆ ಎಂದು ಹಾಕಿಟ್ಟದ್ದಾಗಿದ್ದರೆ ಅದು ತುಂಬಿಯೇ ಇರಬೇಕಿತ್ತು. ಎರಡನ್ನೂ ಯಾರೋ ಕುಡಿದಿದ್ದರು.

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂವತ್ಮೂರರ ಪಕ್ಕದಲ್ಲಿ ಪೆನ್ಸಿಲಿನ ಒಂದು ಪುಟ್ಟ ಸುತ್ತು. ಎಲ್ಲಕ್ಕೂ ಕೊನೆಗೆ ಅರವತ್ತಾರು, ಅದರ ಪಕ್ಕದಲ್ಲೂ ಅಂಥದೇ ಸುತ್ತು.

"ಈ ಗುರ್ತು ಏನು?"

ಬರೆಯುತ್ತಿದ್ದ ಮಾಂತೇಶ ತಲೆ ಎತ್ತಿ ನೋಡಿದ. "ಗೊತ್ತಿಲ್ರಿ. ನಮ್ಮ ಆಟದಾಗ ಇಂಥಾದ್ದಿದ್ದಿಲ್ಲ."

ಅನ್ನಪೂರ್ಣಾಗೆ ಗೊತ್ತಿತ್ತು. ಗಂಟು. ಮುಂಜಾನೆಯಷ್ಟೇ ಕಲಿತಿದ್ದಳು.

ಅವಳು ಹಸಿರು ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಿದಳು. ನಲವತ್ತು ಪುಟ ನಿಯಮಗಳು, ಎಲ್ಲಿಯೂ ಗಂಟಿನ ಮಾತಿಲ್ಲ. ಆಮೇಲೆ ಖಾಲಿ ಪುಟಗಳು. ಖಾಲಿ ಎಂದು ಅವಳು ಎರಡು ಸಲ ಬಿಟ್ಟುಬಿಟ್ಟಿದ್ದ ಆ ಪುಟಗಳನ್ನು ಈಗ ಒಂದೊಂದಾಗಿ ದಾಟಿ ಕೊನೆಗೆ ಬಂದಳು. ಹಿಂದಿನ ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಲ್ಲಿ, ಸಾಧಿಕ್‌ನ ಅದೇ ದುಂಡನೆಯ ಅಕ್ಷರದಲ್ಲಿ, ಎರಡು ಸಾಲು ಇದ್ದವು. ಮೇಲೆ ಅದೇ ಭಾನುವಾರದ ತಾರೀಖು.

'ಮೂವತ್ಮೂರು ಬಿತ್ತು. ಇವತ್ತು ಈಗಲೇ ಮಾಡಿಕೊಂಡ ಹೊಸ ನಿಯಮ: ಜೋಡಿ ಬಿದ್ದರೆ ಗಂಟು.'

ಆಟ ನಡೆಯುತ್ತಿದ್ದಾಗ ಹುಟ್ಟಿದ ನಿಯಮ. ಇಂಗ್ಲಿಷ್ ಪುಸ್ತಕದಲ್ಲಿ ಅದು ಇರಲು ಸಾಧ್ಯವಿಲ್ಲ. ಮರುದಿನದಿಂದ ಈ ಪುಸ್ತಕ ಠಾಣೆಯ ಕಪಾಟಿನಲ್ಲಿತ್ತು, ಮುಂಜಾನೆ ಲ್ಯಾಬಿನಲ್ಲೂ ಅದನ್ನು ಯಾರೂ ತೆರೆದಿರಲಿಲ್ಲ. ದೀಪಾವಳಿಗೇ ಆಟ ಬಿಟ್ಟ, ಇಂಗ್ಲಿಷ್ ಪ್ರತಿ ಮಾತ್ರ ಓದಿದ ತಹಸೀನ್ ಅದನ್ನು ಇವತ್ತು ಮುಂಜಾನೆ ತನಗೆ ಬಾಯಿಪಾಠದಂತೆ ಒಪ್ಪಿಸಿದ್ದಳು.

ಪುಣ್ಯಾತ್ಗಿತ್ತಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದಳು. ಎರಡೂವರೆ ತಿಂಗಳಿಂದ ಆ ಆಟದ ಬಗ್ಗೆ ಸಾಧಿಕ್ ಬಿಟ್ಟು ಬೇರೆ ಯಾರ ಹತ್ತಿರವೂ ಮಾತಾಡಲು ಆಗದವಳು ಕೇಳುವವರು ಸಿಕ್ಕೊಡನೆ ತಡೆದುಕೊಳ್ಳದಾದಳು. ಅನ್ನಪೂರ್ಣಾಗೆ ಅದು ಚೆನ್ನಾಗಿ ಅರ್ಥವಾಯಿತು.

ಹಲೀಮಾಬಿ ಚಹಾ ತಂದಳು. ಒಂಬತ್ತು ದಿನದಿಂದ ಯಾರು ಬಂದರೂ ಅವಳು ಮೊದಲು ಚಹಾ ಕೊಡುತ್ತಿದ್ದಳು, ಆಮೇಲೆ ಮಗನ ಸುದ್ದಿ ಕೇಳುತ್ತಿದ್ದಳು. ಮಾಂತೇಶನ ಮುಂದೆ ಕಪ್ಪು ಇಡಲು ಬಗ್ಗಿದವಳು ಹಾಗೆಯೇ ನಿಂತಳು. ಅವಳ ಕಣ್ಣು ಅವನ ಕೈಯ ಪೆನ್ನಿನ ಮೇಲಿತ್ತು.

"ಈ ಗಂಟು ಯಾರು ಹಾಕ್ಯಾರ್ರಿ ಬಾಯಾರ?"

"ಯಾಕ ಚಾಚಿ?"

ಹಲೀಮಾಬಿ ಪೆನ್ನು ಇಸಿದುಕೊಂಡು ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಮಗ್ಗದ ಹತ್ತಿರ ಹೋಗಿ ಜಮಖಾನದ ಅಂಚನ್ನು ಮಗುಚಿ ತೋರಿಸಿದಳು. ಒಂದೊಂದು ದಿನದ ನೇಯ್ಗೆ ನಿಲ್ಲಿಸಿದ ಕಡೆ ಒಂದೊಂದು ಗಂಟು. ಎರಡು ಸುತ್ತು, ತುದಿ ಒಳಗಿನಿಂದ.

"ಇದು ನಮ್ಮ ಮನೀದು. ಊರಾಗ ಬ್ಯಾರೆಯವರು ಹಿಂಗ ಹಾಕಂಗಿಲ್ಲ. ನಿಕಾ ಆಗಿ ಬಂದ ವಾರದಾಗ ನಮ್ಮತ್ತಿ ನನಗ ತೋರಿಸಿದ್ಲು. ನಾ ನನ್ನ ಮಗಳಿಗೂ ತೋರಿಸಿಲ್ಲ, ಅಕಿ ಬ್ಯಾರೆ ಮನೀಗೆ ಹೋದಾಕಿ. ಸಾಧಿಕ್‌ಗೆ ಗೊತ್ತು. ಸಣ್ಣಾಂವಿದ್ದಾಗಿಂದ ನನ್ನ ಬಾಜೂಕ ಕುಂತು ನೋಡ್ಯಾನ. ನಿನ್ನ ಹೇಣ್ತಿಗೆ ಬಿಟ್ಟು ಯಾರಿಗೂ ತೋರಿಸಬ್ಯಾಡ ಅಂತ ಆಣಿ ಹಾಕಿಸೀನಿ. ಅಂವಾ ನನ್ನ ಆಣಿ ಮುರಿಯಾಂವಲ್ಲ."

ಅನ್ನಪೂರ್ಣಾ ಫೋನು ತೆಗೆದು ಲ್ಯಾಬಿನ ನಂಬರು ಒತ್ತಿ ತಹಸೀನ್‌ಳನ್ನು ಕೇಳಿದಳು. ಆ ಕಡೆಯವರು ಎರಡು ಮಾತಿನಲ್ಲಿ ಮುಗಿಸಿದರು. ತಹಸೀನ್ ಇಲ್ಲ, ನೀವು ಹೋದ ಅರ್ಧ ತಾಸಿಗೆ ರಜೆ ಹೇಳಿ ಹೋದಳು.

"ತಹಸೀನ್ ಏನ್ರಿ?" ಎಂದ ಮಾಂತೇಶ. ಅವನ ಧ್ವನಿ ಬದಲಾಗಿತ್ತು. "ಅಕಿ ಮುಂಜಾನಿ ನನ್ನ ಗಾಡ್ಯಾಗ ಹುಬ್ಬಳ್ಳಿಗೆ ಬಂದ್ಲಲ್ರಿ. ದೊಡ್ಡ ಚೀಲ ಇತ್ತು. ಅಳ್ನಾವರದ ಗಾಡಿ ಎಲ್ಲಿ ನಿಲ್ಲತಾವಣ್ಣ ಅಂತ ಕೇಳಿದ್ಲು. ಅಕಿ ಅಳೂದು ನೋಡಿ, ಯಾಕವ್ವ ಅಂದ್ನಿ. ಅಂವನ ಮೈ ಸುಡಾಕತ್ತೈತಂತ ಅಣ್ಣಾ, ನಿನ್ನಿಯಿಂದ ಮಾತಾಡವಲ್ಲಂತ ಅಂದ್ಲು. ಅವರ ಅಪ್ಪಗ ಆರಾಮಿಲ್ಲೇನೋ ಅಂತ ತಿಳ್ಕೊಂಡು ಸುಮ್ನಾದ್ನಿ."

ಅನ್ನಪೂರ್ಣಾ ಎದ್ದು ನಿಂತಳು. ಅಳ್ನಾವರ ಮುಟ್ಟಲು ಎರಡು ತಾಸು ಬೇಕು, ಜೀಪು ಸಿಕ್ಕರೆ. ಹಲೀಮಾಬಿ ಬಾಗಿಲಿಗೆ ಅಡ್ಡ ಬಂದು ಅವಳ ಕೈ ಹಿಡಿದಳು. ಪೆನ್ನು ಇನ್ನೂ ಮುದುಕಿಯ ಮುಷ್ಟಿಯಲ್ಲೇ ಇತ್ತು. ಮಗನನ್ನು ಕೇಳುತ್ತಾಳೆಂದು ಅನ್ನಪೂರ್ಣಾ ಕಾದಳು, ಆದರೆ ಅವಳು ಕೇಳಿದ್ದು ಅದನ್ನಲ್ಲ.

"ಬಾಯಾರ, ನನಗ ಸೊಸಿ ಬಂದಾಳೇನ್ರಿ?"